ಗೋಮುಖದ ಹಾದಿಯಲ್ಲಿ ಒಲೆ ಹಚ್ಚಿದವರು ಯಾರು?

ಹಿಮಾಲಯದ ಪ್ರವಾಸ ಕಥನವೊಂದು ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಚಹಾ ಎಲ್ಲಿ ಬರುತ್ತದೆ ಎಂಬುದನ್ನು. ನಗಬೇಡಿ. ಮಂಜಿನ ಶಿಖರಗಳು, ದೇವದಾರುಗಳು, ಭೋರ್ಗರೆಯುವ ಭಾಗೀರಥಿ ಎಲ್ಲವೂ ಎಲ್ಲ ಪುಸ್ತಕಗಳಲ್ಲೂ ಇರುತ್ತವೆ. ಒಬ್ಬ ಲೇಖಕನಿಗೂ ಇನ್ನೊಬ್ಬನಿಗೂ ಇರುವ ವ್ಯತ್ಯಾಸ ಗೊತ್ತಾಗುವುದು ಚಹಾದಲ್ಲಿ. ಬಹುಪಾಲು ಪುಸ್ತಕಗಳಲ್ಲಿ ಅದು ತಾನಾಗಿಯೇ ನಡೆದು ಬರುತ್ತದೆ. ಬೆಳಗಿನ ಜಾವ ಡೇರೆಯ ಬಾಗಿಲಿಗೆ ಬಿಸಿಬಿಸಿ ಚಹಾ ಬಂದಿರುತ್ತದೆ. ರಾತ್ರಿ ಖಿಚಡಿ ಸಿದ್ಧವಾಗಿರುತ್ತದೆ. ಸಂಜೆ ತಲುಪುವಷ್ಟರಲ್ಲಿ ಡೇರೆಗಳನ್ನು ಹಾಕಲಾಗಿರುತ್ತದೆ. ಇಂಥ ಅಡುಗೆಮನೆ ನಮಗೆ ಯಾರಿಗಾದರೂ ಒಂದು ವಾರ ಸಿಕ್ಕಿದ್ದರೆ ಎಂದು ಆಸೆಯಾಗುವುದು ಸಹಜ.

ಕನ್ನಡ ಪಾಠ ಮಾಡುವವಳಾದ್ದರಿಂದ ನನಗೆ ಇದು ವ್ಯಾಕರಣದ ವಿಷಯವಾಗಿಯೇ ಮೊದಲು ಕಣ್ಣಿಗೆ ಬಿತ್ತು. ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದು ಮಕ್ಕಳಿಗೆ ಹೇಳಿಕೊಡುತ್ತೇವಲ್ಲ, ಹಿಮಾಲಯದ ಪುಸ್ತಕಗಳಲ್ಲಿ ಅವೆರಡೂ ಬಹಳ ಅಚ್ಚುಕಟ್ಟಾಗಿ ಕೆಲಸ ಹಂಚಿಕೊಂಡಿವೆ. ಹತ್ತುವ ಕೆಲಸಕ್ಕೆಲ್ಲ ಕರ್ತರಿ ಪ್ರಯೋಗ: ನಾನು ಹತ್ತಿದೆ, ನಾನು ದಾಟಿದೆ, ನಾನು ನೋಡಿದೆ, ನಾನು ಧನ್ಯನಾದೆ. ಹೊರುವ, ಬೇಯಿಸುವ, ಬಳಿಯುವ ಕೆಲಸಕ್ಕೆಲ್ಲ ಕರ್ಮಣಿ: ಸಾಮಾನು ಸಾಗಿಸಲಾಯಿತು, ಊಟ ಬಡಿಸಲಾಯಿತು, ಪಾತ್ರೆಗಳನ್ನು ತೊಳೆಯಲಾಯಿತು. ಯಾರಿಂದ ಎಂದು ಕೇಳಿದರೆ ಉತ್ತರವಿಲ್ಲ. ಪರೀಕ್ಷೆಯಲ್ಲಿ ಹುಡುಗನೊಬ್ಬ ಕರ್ತೃಪದವನ್ನು ಹೀಗೆ ಬಿಟ್ಟು ಬರೆದರೆ ಒಂದು ಅಂಕ ಕಳೆಯುತ್ತೇವೆ. ಲೇಖಕರಿಗೆ ಮಾತ್ರ ರಿಯಾಯಿತಿ ಏಕೆ?

ಇದು ಬರಿಯ ವ್ಯಾಕರಣದ ತಕರಾರಲ್ಲ ಎಂದು ತೋರಿಸುವುದಕ್ಕಾಗಿ ಗೋಮುಖದ ಹಾದಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ನಮ್ಮೂರಿನ ಗ್ರಂಥಾಲಯದ ಪ್ರವಾಸ ಸಾಹಿತ್ಯದ ಕಪಾಟಿನಲ್ಲಿ ಬದರಿ, ಕೇದಾರ, ಕೈಲಾಸಗಳ ಜೊತೆಗೆ ಅತಿ ಹೆಚ್ಚು ಸಲ ಸಿಗುವ ಹಾದಿ ಇದು. 2018ರ ಮೇ ರಜೆಯಲ್ಲಿ ನಾವು ಏಳು ಮಂದಿ ಶಿಕ್ಷಕಿಯರು ಆ ಹಾದಿಯಲ್ಲಿ ಹೋಗಿ ಬಂದೆವಾದ್ದರಿಂದ, ಪುಸ್ತಕ ಹೇಳಿದ್ದೆಷ್ಟು, ಬಿಟ್ಟಿದ್ದೆಷ್ಟು ಎಂದು ತೂಗಿ ನೋಡುವ ಅವಕಾಶವೂ ನನಗೆ ಸಿಕ್ಕಿತು.

ದಾರಿ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಉತ್ತರಾಖಂಡದ ಉತ್ತರಕಾಶಿಯಿಂದ ಗಂಗೋತ್ರಿಯವರೆಗೆ ಸುಮಾರು 100 ಕಿಲೋಮೀಟರ್ ವಾಹನದ ದಾರಿ. ಗಂಗೋತ್ರಿಯೇ 10,000 ಅಡಿಗಿಂತ ಎತ್ತರ. ನಮ್ಮ ಮುಳ್ಳಯ್ಯನಗಿರಿ ಸುಮಾರು 6,300 ಅಡಿ ಎಂಬುದನ್ನು ನೆನಪಿಟ್ಟುಕೊಂಡರೆ ಅಂದಾಜು ಸಿಗುತ್ತದೆ. ಅಲ್ಲಿಂದ ಕಾಲ್ನಡಿಗೆ. 9 ಕಿಲೋಮೀಟರಿಗೆ ಚೀಡ್ ಮರಗಳ ಬೀಡಾದ ಚೀಡ್‌ಬಾಸಾ, 14ಕ್ಕೆ ಭೋಜಪತ್ರದ ಮರಗಳ ಬೀಡಾದ ಭೋಜ್‌ಬಾಸಾ, 18ಕ್ಕೆ ಗೋಮುಖ. ನಡುವೆ ಗಿಲಾ ಪಹಾಡ್ ಎಂಬ ಜಾಗದಲ್ಲಿ ಮೇಲಿನಿಂದ ಕಲ್ಲುಗಳು ಉರುಳುತ್ತಲೇ ಇರುತ್ತವೆ. ಅಲ್ಲಿ ನಿಂತು ಫೋಟೋ ತೆಗೆಯುವ ಹಾಗಿಲ್ಲ, ಬೇಗ ದಾಟಿಕೊಳ್ಳಬೇಕು. ಮೊದಲ ದಿನ ಭೋಜ್‌ಬಾಸಾದಲ್ಲಿ ತಂಗಿ, ಎರಡನೆಯ ದಿನ ಗೋಮುಖ ನೋಡಿ ಬಂದು, ಮೂರನೆಯ ದಿನ ಗಂಗೋತ್ರಿಗೆ ಇಳಿಯುವುದು ವಾಡಿಕೆ. ಇನ್ನೂ ಮೇಲೆ ಹೋಗುವವರು ಹಿಮನದಿಯನ್ನು ದಾಟಿ, ಶಿವಲಿಂಗ ಪರ್ವತದ ಬುಡದ ತಪೋವನಕ್ಕೆ ಏರುತ್ತಾರೆ.

ಈಗ ಪುಸ್ತಕಗಳಿಗೆ ಬರೋಣ. ನನ್ನ ಮೊದಲ ದೂರು ಬಣ್ಣದ ಬಗ್ಗೆ. ಬಹುತೇಕ ಬರಹಗಳಲ್ಲಿ ಗೋಮುಖದ ಹಿಮನದಿ ಶುಭ್ರ, ಧವಳ, ಹಾಲ್ಗಡಲು, ಬೆಳ್ಳಿಯ ರಾಶಿ. ಎದುರಿಗೆ ನಿಂತು ನೋಡಿದರೆ ಅದು ಬೂದು ಬಣ್ಣದ್ದು. ಹಿಮದ ಮೈಮೇಲೆಲ್ಲ ಕಲ್ಲು, ಮಣ್ಣು, ಜಲ್ಲಿ. ರಸ್ತೆ ಕೆಲಸ ಅರ್ಧಕ್ಕೆ ನಿಂತ ಜಾಗದಂತೆ ಕಾಣುತ್ತದೆ. ಆ ಕಲ್ಲುಮಣ್ಣಿನ ಕೆಳಗೆ ಒಡೆದ ಗೋಡೆಯ ಹಾಗೆ ನೀಲಿ ಛಾಯೆಯ ಗಡ್ಡೆ; ಅದರ ಬಾಯಿಂದ ಹೊರಬೀಳುವ ನೀರೂ ತಿಳಿಯಾದದ್ದಲ್ಲ. ನಮ್ಮ ಜೊತೆ ಬಂದಿದ್ದ ಗಣಿತದ ಟೀಚರು, “ಅಯ್ಯೋ, ಅಕ್ಕಿ ತೊಳೆದ ನೀರಿನ ಹಾಗಿದೆಯಲ್ಲ!” ಎಂದರು. ಎಷ್ಟು ಸರಿಯಾದ ಹೋಲಿಕೆ! ಹಿಮನದಿ ಎಂದರೆ ನಿಂತ ಗಡ್ಡೆಯಲ್ಲ. ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕೆಳಕ್ಕೆ ಜಾರುತ್ತಿರುತ್ತದೆ. ಜಾರುವಾಗ ಅಡಿಯ ಬಂಡೆಯನ್ನು ಬೀಸುವ ಕಲ್ಲಿನಂತೆ ಅರೆದು ಹಿಟ್ಟು ಮಾಡುತ್ತದೆ. ಆ ಕಲ್ಲಿನ ಹಿಟ್ಟು ಬೆರೆತದ್ದರಿಂದಲೇ ನೀರಿಗೆ ಆ ಬಣ್ಣ.

ಇಷ್ಟು ಸೊಗಸಾದ ಸಂಗತಿಯನ್ನು ಬಿಟ್ಟು ಹಾಲ್ಗಡಲು ಎಂದು ಬರೆಯುವುದೇಕೆ? ಲೇಖಕರು ಸುಳ್ಳು ಹೇಳುತ್ತಾರೆ ಎಂದು ನಾನು ಹೇಳಲಾರೆ. ಹೊರಡುವ ಮೊದಲೇ ವಿಶೇಷಣಗಳನ್ನು ಚೀಲಕ್ಕೆ ತುಂಬಿಕೊಂಡು ಹೋಗಿರುತ್ತಾರೆ. ಅಲ್ಲಿ ಹೋಗಿ ಅವನ್ನು ಬಿಚ್ಚುತ್ತಾರೆ, ಅಷ್ಟೆ. ದೇವರ ಗಂಗೆ ಬೂದು ಬಣ್ಣದಲ್ಲಿದ್ದರೆ ಭಕ್ತಿಗೆ ಕಡಿಮೆಯೇನೂ ಆಗದು. ಬೂದಿ ಬಳಿದುಕೊಂಡವನ ಜಡೆಯಿಂದ ಇಳಿದವಳು ತಾನೇ ಅವಳು!

ಎರಡನೆಯ ದೂರು ಕಾಲದ ಬಗ್ಗೆ. ಈ ಬರಹಗಳಲ್ಲಿ ಹಿಮನದಿ ಯಾವಾಗಲೂ ಸನಾತನ, ಅಚಲ, ಯುಗಯುಗಗಳಿಂದ ಹಾಗೆಯೇ ಇರುವಂಥದು. ವಸ್ತುಸ್ಥಿತಿ ಬೇರೆ. ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿಯ ಮೂತಿ ಎಲ್ಲಿದೆ ಎಂದು ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ಜೆ. ಬಿ. ಆಡೆನ್ 1935ರಲ್ಲಿ ಅಳೆದು ನಕ್ಷೆ ಮಾಡಿದ್ದರು. ಅಲ್ಲಿಂದ 1996ರವರೆಗಿನ 61 ವರ್ಷಗಳಲ್ಲಿ ಅದು ಸುಮಾರು 1,150 ಮೀಟರ್ ಹಿಂದಕ್ಕೆ ಸರಿದಿತ್ತು. ಸರಾಸರಿ ವರ್ಷಕ್ಕೆ 19 ಮೀಟರ್. ನಮ್ಮ ಶಾಲೆಯ ಎರಡು ತರಗತಿ ಕೋಣೆಗಳನ್ನು ಸಾಲಾಗಿ ಇಟ್ಟರೂ ಅಷ್ಟು ಉದ್ದವಾಗುವುದಿಲ್ಲ. ಅಂದರೆ ಅಜ್ಜ ನೋಡಿದ ಗೋಮುಖವೂ ಮೊಮ್ಮಗಳು ನೋಡಿದ ಗೋಮುಖವೂ ಒಂದೇ ಜಾಗವಲ್ಲ.

ಇದು ಗೊತ್ತಿದ್ದರೆ ಪ್ರವಾಸ ಕಥನಕ್ಕೆ ಎಂಥ ಬೆಲೆ ಬರುತ್ತಿತ್ತು ಯೋಚಿಸಿ. ಯಾವ ವರ್ಷ, ಯಾವ ತಿಂಗಳು, ಭೋಜ್‌ಬಾಸಾದಿಂದ ಎಷ್ಟು ಹೊತ್ತು ನಡೆದೆವು, ಹಿಮದ ಬಾಯಿ ಎಲ್ಲಿತ್ತು ಎಂದು ಒಬ್ಬೊಬ್ಬರೂ ನಾಲ್ಕು ಸಾಲು ಬರೆದಿದ್ದರೆ, ನಮ್ಮ ಗ್ರಂಥಾಲಯದ ಕಪಾಟೇ ಒಂದು ದಾಖಲೆಯಾಗುತ್ತಿತ್ತು. ಸಾಮಾನ್ಯ ಯಾತ್ರಿಕರ ಕಣ್ಣಿನ ಸಾಕ್ಷಿ ವಿಜ್ಞಾನಿಗಳ ಅಳತೆಯ ಪಕ್ಕದಲ್ಲಿ ಕೂರುತ್ತಿತ್ತು. ಅದರ ಬದಲು ನಮಗೆ ಸಿಕ್ಕಿರುವುದು ವರ್ಷವೇ ಇಲ್ಲದ ಪುಸ್ತಕಗಳು. ಲೇಖಕರ ಮನಸ್ಸಿನಲ್ಲಿ ಆ ದಿನ ಎದ್ದ ಭಾವನೆಗಳಿಗೆ ಹತ್ತು ಪುಟ, ದಿನಾಂಕಕ್ಕೆ ಒಂದು ಸಾಲೂ ಇಲ್ಲ.

ಮೂರನೆಯ ದೂರೇ ನನ್ನ ಮುಖ್ಯ ದೂರು, ಒಲೆಯ ಬಗ್ಗೆ.

ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ನೀರು ಬೇಗ ಕುದಿಯುತ್ತದೆ ಎಂದು ಹೈಸ್ಕೂಲಿನ ವಿಜ್ಞಾನದಲ್ಲಿ ನಾವೆಲ್ಲ ಓದಿದ್ದೇವೆ. ಅದರ ಅರ್ಥ ಅಡುಗೆ ಮಾಡುವವರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಸುಮಾರು 12,400 ಅಡಿಯ ಭೋಜ್‌ಬಾಸಾದಲ್ಲಿ ನೀರು ಕುದಿಯುವುದು ಹೆಚ್ಚುಕಡಿಮೆ 87 ಡಿಗ್ರಿ ಸೆಲ್ಸಿಯಸ್‌ಗೆ. ಪಾತ್ರೆಯಲ್ಲಿ ನೀರು ಕೊತಕೊತನೆ ಕುದಿಯುತ್ತಿರುತ್ತದೆ, ಬೇಳೆ ಮಾತ್ರ ಬೇಯುವುದೇ ಇಲ್ಲ. ಕುಕ್ಕರ್ ಇಲ್ಲದೆ ಅಲ್ಲಿ ಸಂಸಾರ ಸಾಗದು. ಕುಕ್ಕರ್ ಇದ್ದರೂ ನಮ್ಮೂರಿನಲ್ಲಿ ಮೂರು ಸಲ ಕೂಗಿದರೆ ಸಾಕಾಗುವ ಬೇಳೆಗೆ ಅಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಹೆಚ್ಚು ಹೊತ್ತು ಎಂದರೆ ಹೆಚ್ಚು ಉರುವಲು. ಹೆಚ್ಚು ಉರುವಲು ಎಂದರೆ ಯಾರದೋ ಬೆನ್ನ ಮೇಲೆ ಹೆಚ್ಚು ಭಾರ. ಇಲ್ಲವೇ ಅಲ್ಲೇ ಸುತ್ತಮುತ್ತ ಕಡಿದ ಮರ.

ನಮ್ಮ ತಂಡದ ಅಡುಗೆಯಾತ ಬೆಳಿಗ್ಗೆ ನಾಲ್ಕಕ್ಕೆ ಮೊದಲೇ ಎದ್ದು, ಬಕೆಟ್ಟಿನ ಮೇಲೆ ಕಟ್ಟಿದ್ದ ಮಂಜಿನ ಪದರವನ್ನು ಸೌಟಿನಿಂದ ಒಡೆದು ನೀರು ತೆಗೆಯುತ್ತಿದ್ದುದನ್ನು ನಾನು ಡೇರೆಯ ಸಂದಿಯಿಂದ ನೋಡುತ್ತಿದ್ದೆ. ಕೈಗವಸು ಹಾಕಿಕೊಂಡು ಅಡುಗೆ ಮಾಡಲಾಗುವುದಿಲ್ಲ. ಬರಿಗೈಯಲ್ಲಿ ಹಿಟ್ಟು ಕಲಸಿ, ಹದಿನೈದು ಜನರ ರೊಟ್ಟಿ ತಟ್ಟಿ, ನಾವು ತಿಂದು ಹೊರಟ ಮೇಲೆ ಅದೇ ತಣ್ಣೀರಿನಲ್ಲಿ ಪಾತ್ರೆ ತೊಳೆದು, ಎಲ್ಲವನ್ನೂ ಮೂಟೆ ಕಟ್ಟಬೇಕು. ಗ್ಯಾಸಿನ ಸಿಲಿಂಡರು, ಅಕ್ಕಿ, ಈರುಳ್ಳಿ, ಡೇರೆ ಹೊತ್ತ ನೇಪಾಳದ ಹೊರೆಯಾಳುಗಳು ನಮಗಿಂತ ಹಿಂದೆ ಹೊರಟು ನಮಗಿಂತ ಮುಂದೆ ತಲುಪಿರುತ್ತಿದ್ದರು. ಹದಿಮೂರು ಸಾವಿರ ಅಡಿಯಲ್ಲಿ ಒಂದೊಂದು ಉಸಿರಿಗೂ ಸಿಗುವ ಪ್ರಾಣವಾಯು ಸಮುದ್ರಮಟ್ಟದಲ್ಲಿ ಸಿಗುವುದರ ಐದರಲ್ಲಿ ಮೂರು ಪಾಲಿನಷ್ಟು. ನನ್ನ ಚೀಲದಲ್ಲಿ ನೀರಿನ ಬಾಟಲಿ, ಒಂದು ಸ್ವೆಟರು, ಸ್ವಲ್ಪ ಕೊಬ್ಬರಿ ಮಿಠಾಯಿ ಇದ್ದವು. ಅಷ್ಟಕ್ಕೇ ಏದುಸಿರು. ಹೀಗಿರುವಾಗ ‘ನಾನು ಗೋಮುಖ ತಲುಪಿದೆ’ ಎಂಬ ವಾಕ್ಯದಲ್ಲಿ ‘ನಾನು’ ಎಂಬುದು ಎಷ್ಟು ಜನರ ಕೆಲಸವನ್ನು ಹೊತ್ತುಕೊಂಡಿದೆ!

ಇನ್ನು ಮರದ ಮಾತು. ಭೋಜಪತ್ರದ ಮರ ಕಂಡೊಡನೆ ನಮ್ಮ ಲೇಖಕರಿಗೆ ಋಷಿಗಳು ನೆನಪಾಗುತ್ತಾರೆ. ಕಾಗದದಂತೆ ಸುಲಿದು ಬರುವ ಅದರ ತೊಗಟೆಯ ಮೇಲೆ ಹಿಂದಿನವರು ಗ್ರಂಥ ಬರೆದದ್ದು ನಿಜ. ಆದರೆ ಭೋಜ್‌ಬಾಸಾ ಎಂಬ ಹೆಸರಿನ ಆ ಬೀಡಿನಲ್ಲಿ ಭೋಜ ಮರಗಳೇ ಬಹುಮಟ್ಟಿಗೆ ಇಲ್ಲವಲ್ಲ, ಎಲ್ಲಿ ಹೋದವು ಎಂಬ ಪ್ರಶ್ನೆಯನ್ನು ಎಷ್ಟು ಪುಸ್ತಕಗಳು ಕೇಳಿವೆ? ಅವು ಹೋದದ್ದು ಒಲೆಗೆ. ಯಾತ್ರಿಕರು ಹೆಚ್ಚಿದಂತೆ ದಾರಿಯುದ್ದಕ್ಕೂ ಚಹಾದಂಗಡಿಗಳು ಎದ್ದವು. ಆ ಎತ್ತರದಲ್ಲಿ ಕೈಗೆ ಸಿಗುವ ಸೌದೆ ಅದೊಂದೇ. ಮರಗಳ ಎಲ್ಲೆ ಮುಗಿಯುವ ಜಾಗದಲ್ಲಿ, ವರ್ಷದ ಬಹುಭಾಗ ಹಿಮದಡಿ ಕಳೆದು, ಬಹಳ ನಿಧಾನವಾಗಿ ಬೆಳೆಯುವ ಮರ. ನಾವು ಗುಟುಕು ಗುಟುಕಾಗಿ ಕುಡಿದು ಪುಸ್ತಕದಲ್ಲಿ ಹೊಗಳಿದ ಆ ಚಹಾದ ಬೆಲೆಯನ್ನು ಆ ಮರ ತೆತ್ತಿದೆ. ಋಷಿಗಳಿಗೆ ಕೈಮುಗಿದ ಲೇಖನಿ ಒಲೆಯೊಳಗೆ ಇಣುಕಿ ನೋಡಿದ್ದರೆ ಇದು ಕಾಣುತ್ತಿತ್ತು.

ಕಂಡವರು ಒಬ್ಬರಿದ್ದರು. ಹರ್ಷವಂತಿ ಬಿಷ್ಟ್ ಎಂಬವರು. ಉತ್ತರಕಾಶಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಅಧ್ಯಾಪಕಿ. 1981ರಲ್ಲಿ 7,816 ಮೀಟರ್ ಎತ್ತರದ ನಂದಾದೇವಿ ಶಿಖರವನ್ನು ಮುಟ್ಟಿದ ಮೂವರು ಹೆಣ್ಣುಮಕ್ಕಳಲ್ಲಿ ಅವರೂ ಒಬ್ಬರು. ಉಳಿದಿಬ್ಬರು ರೇಖಾ ಶರ್ಮಾ ಮತ್ತು ಚಂದ್ರಪ್ರಭಾ ಐತವಾಲ್. ಇಂಥ ಶಿಖರವನ್ನೇರಿದವರು ಕೆಳಗಿಳಿದು ಬಂದು 1989ರಲ್ಲಿ ಗಂಗೋತ್ರಿ ಉಳಿಸುವ ಕೆಲಸ ಶುರುಮಾಡಿದರು. 1990ರ ದಶಕದಲ್ಲಿ ಚೀಡ್‌ಬಾಸಾದಲ್ಲಿ ಭೋಜದ ಸಸಿಗಳ ನರ್ಸರಿ ಮಾಡಿ, ಭೋಜ್‌ಬಾಸಾದಲ್ಲಿ ಆ ಸಸಿಗಳನ್ನು ನೆಟ್ಟು ಬೆಳೆಸಿದರು. 2008ರಿಂದ ಗೋಮುಖದ ಹಾದಿಗೆ ದಿನಕ್ಕೆ 150 ಜನರಿಗಷ್ಟೇ ಅನುಮತಿ ಎಂಬ ನಿಯಮ ಬಂತು. 2021ರಲ್ಲಿ ಹರ್ಷವಂತಿಯವರು ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಅಧ್ಯಕ್ಷೆಯಾದರು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಅವರ ಕೆಲಸದ ಮೂಲದಲ್ಲಿ ಇದ್ದದ್ದು ನನ್ನ ಪ್ರಶ್ನೆಯಂಥದೇ ಒಂದು ಪ್ರಶ್ನೆ: ಇಷ್ಟು ಜನರ ಒಲೆಗೆ ಸೌದೆ ಎಲ್ಲಿಂದ ಬರುತ್ತಿದೆ?

ಹಾಗಾದರೆ ಹೆಂಗಸರು ಬರೆದ ಪರ್ವತದ ಪುಸ್ತಕಗಳಲ್ಲಿ ಒಲೆ ಕಾಣುತ್ತದೆಯೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಉತ್ತರ ಅಷ್ಟು ಸರಳವಾಗಿಲ್ಲ.

ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ 1911 ಮತ್ತು 1912ರಲ್ಲಿ ಕಾರಕೋರಂನ ಸಿಯಾಚಿನ್ ಹಿಮನದಿಗೆ ಹೋದವರು. ಎರಡನೆಯ ಸಲದ ತಂಡಕ್ಕೆ ಅವರೇ ನಾಯಕಿ. ಸುಮಾರು 21,000 ಅಡಿ ಎತ್ತರದ ಹಿಮದ ಬಯಲಿನಲ್ಲಿ, ಹೆಂಗಸರಿಗೆ ಮತದಾನದ ಹಕ್ಕು ಬೇಕು ಎಂಬ ದೊಡ್ಡ ಅಕ್ಷರಗಳ ಪತ್ರಿಕೆಯನ್ನು ಬಿಡಿಸಿ ಹಿಡಿದು ನಿಂತ ಅವರ ಛಾಯಾಚಿತ್ರ ಬಹಳ ಹೆಸರಾದದ್ದು. ಉದ್ದನೆಯ ಲಂಗ ತೊಟ್ಟು ಹಿಮದ ಮೇಲೆ ನಿಂತ ಆ ಹೆಂಗಸನ್ನು ನೋಡಿದರೆ ಯಾರಿಗೂ ಹೆಮ್ಮೆ ಎನಿಸುತ್ತದೆ. ಅವರ ದೇಶದ ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದಾನದ ಹಕ್ಕು ಸಿಕ್ಕಿದ್ದು 1920ರಲ್ಲಿ. ಆದರೆ ಫ್ಯಾನಿ ಮತ್ತು ಅವರ ಗಂಡ ಜೊತೆಯಾಗಿ ಬರೆದ ಪುಸ್ತಕಗಳನ್ನು ಓದಿದರೆ ಹೊರೆಯಾಳುಗಳ ಮೇಲಿನ ಗೊಣಗಾಟ ಮುಗಿಯುವುದೇ ಇಲ್ಲ. ಹಿಮದ ಮೇಲೆ ತಮ್ಮ ಹೊರೆ ಹೊತ್ತವರನ್ನು ಅವರು ಕಂಡದ್ದು ತೊಂದರೆಯಾಗಿ. ಹೆಂಗಸಿಗೆ ಹಕ್ಕು ಬೇಕೆಂದು ಅಷ್ಟೆತ್ತರದಲ್ಲಿ ಸಾರಿದವರಿಗೆ ಪಕ್ಕದಲ್ಲಿ ಮೂಟೆ ಇಳಿಸುತ್ತಿದ್ದವನ ಹಕ್ಕು ಕಾಣಲಿಲ್ಲ. ಬರೆಯುವವರು ಹೆಂಗಸಾದ ಮಾತ್ರಕ್ಕೆ ಒಲೆ ಕಾಣುತ್ತದೆ ಎಂಬ ಭರವಸೆ ಬೇಡ.

ಇನ್ನೊಂದು ಪುಸ್ತಕ 1956ರಲ್ಲಿ ಬಂದದ್ದು. ಹೆಸರು ‘ಟೆಂಟ್ಸ್ ಇನ್ ದಿ ಕ್ಲೌಡ್ಸ್’. ಮೋನಿಕಾ ಜಾಕ್ಸನ್ ಮತ್ತು ಎಲಿಜಬೆತ್ ಸ್ಟಾರ್ಕ್ ಬರೆದದ್ದು. ಮೋನಿಕಾ ನಮಗೆ ಪೂರ್ತಿ ಪರಕೀಯರಲ್ಲ. ನಮ್ಮ ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದ ಮಾರಿಸ್ ಕುಟುಂಬದ ಮಗಳು. ಇವರಿಬ್ಬರು ಮತ್ತು ಎವೆಲಿನ್ ಕ್ಯಾಮ್ರಾಸ್, ಮೂವರೇ ಹೆಂಗಸರು, 1955ರಲ್ಲಿ ನೇಪಾಳದ ಜುಗಲ್ ಹಿಮಾಲ್ ಎಂಬ ಪ್ರದೇಶಕ್ಕೆ ಹೋದರು. ಬರಿಯ ಹೆಂಗಸರೇ ಸೇರಿ ನಡೆಸಿದ ಮೊದಲ ಹಿಮಾಲಯ ಆರೋಹಣ ಎಂದು ಅದಕ್ಕೆ ಹೆಸರು. ಅಲ್ಲಿ ಅದುವರೆಗೆ ಯಾರೂ ಹತ್ತದಿದ್ದ ಶಿಖರವೊಂದನ್ನು ಹತ್ತಿದರು. ಅದಕ್ಕೆ ಇಟ್ಟ ಹೆಸರು ಗ್ಯಾಲ್ಗೆನ್ ಶಿಖರ. ರಾಣಿಯ ಹೆಸರಲ್ಲ, ತಮ್ಮ ಹೆಸರಲ್ಲ. ಅವರ ಶೆರ್ಪಾ ಸರದಾರ ಮಿಂಗ್ಮಾ ಗ್ಯಾಲ್ಗೆನ್ ಅವರ ಹೆಸರು. ದಾರಿ ತೋರಿಸಿದವನ ಹೆಸರನ್ನು ಪುಸ್ತಕದ ಕೊನೆಯ ಪುಟದ ಕೃತಜ್ಞತೆಗೆ ತಳ್ಳದೆ ಬೆಟ್ಟದ ಮೇಲೆಯೇ ಇಟ್ಟ ಆ ಮೂವರನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಮೂರನೆಯದು ನಮ್ಮವರದೇ, ಬಚೇಂದ್ರಿ ಪಾಲ್ ಅವರದು. ಉತ್ತರಕಾಶಿ ಜಿಲ್ಲೆಯ ನಾಕುರಿ ಎಂಬ ಹಳ್ಳಿಯ ಹುಡುಗಿ; ನಮ್ಮ ಹಾಗೆಯೇ ಬಿ.ಎಡ್. ಮಾಡಿದವರು. 1984ರ ಮೇ 23ರಂದು ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಎಂಬುದು ಎಲ್ಲರಿಗೂ ಗೊತ್ತು. ಅವರ ಬರಹದ ಒಂದು ಭಾಗ ಕೇಂದ್ರ ಪಠ್ಯಕ್ರಮದ 9ನೆಯ ತರಗತಿಯ ಹಿಂದಿ ಪುಸ್ತಕದಲ್ಲಿ ಪಾಠವಾಗಿ ಬಂದಿತ್ತು. ಅದರಲ್ಲಿ, ಸುಮಾರು 26,000 ಅಡಿ ಎತ್ತರದ ಸೌತ್ ಕೋಲ್ ಎಂಬ ಕೊನೆಯ ಶಿಬಿರ ತಲುಪಿದ ಮೇಲೆ ಅವರು ಸುಮ್ಮನೆ ಕೂರುವುದಿಲ್ಲ. ಒಂದು ಫ್ಲಾಸ್ಕಿನಲ್ಲಿ ಹಣ್ಣಿನ ರಸ, ಇನ್ನೊಂದರಲ್ಲಿ ಬಿಸಿ ಚಹಾ ತೆಗೆದುಕೊಂಡು, ಹಿಂದೆ ಬರುತ್ತಿದ್ದ ಸಂಗಾತಿಗಳಿಗಾಗಿ ಕೆಳಗಿಳಿದು ಹೋಗುತ್ತಾರೆ. ಇಷ್ಟು ಅಪಾಯ ಏಕೆ ತಂದುಕೊಂಡೆ ಎಂದು ಸಂಗಾತಿಯೊಬ್ಬರು ಕೇಳಿದಾಗ, ತಾನೂ ಬೇರೆಯವರ ಹಾಗೆ ಪರ್ವತಾರೋಹಿಯೇ, ಸಹಾಯ ಮಾಡದೆ ಹೇಗಿರಲಿ ಎಂಬರ್ಥದ ಉತ್ತರ ಕೊಡುತ್ತಾರೆ. ಮರುದಿನ ಬೆಳಗಿನ ನಾಲ್ಕಕ್ಕೆ ಎದ್ದು, ಹಿಮ ಕರಗಿಸಿ, ಚಹಾ ಮಾಡಿ ಕುಡಿದು ಶಿಖರಕ್ಕೆ ಹೊರಡುತ್ತಾರೆ.

ನೋಡಿದಿರಾ? ಎದ್ದೆ, ಕರಗಿಸಿದೆ, ಮಾಡಿದೆ. ಮೂರೂ ಕರ್ತರಿ ಪ್ರಯೋಗ. ಎವರೆಸ್ಟಿನ ನೆತ್ತಿಯ ದಿನವೇ ಚಹಾಕ್ಕೊಂದು ಕರ್ತೃಪದ ಸಿಕ್ಕಿದೆ. ಜೊತೆಯಲ್ಲಿ ಹತ್ತಿದ ಶೆರ್ಪಾ ಆಂಗ್ ದೋರ್ಜೀ ಅವರ ಹೆಸರೂ ಪಕ್ಕದಲ್ಲೇ ಇದೆ. ಹೆಂಗಸಾದ್ದರಿಂದ ಅಲ್ಲಿಯೂ ಚಹಾ ಮಾಡಬೇಕಾಯಿತೇ ಎಂದು ಕೆಲವರು ಮೂಗು ಮುರಿಯಬಹುದು. ನನಗೆ ಹಾಗೆ ತೋರುವುದಿಲ್ಲ. ಚಹಾ ಮಾಡುವುದನ್ನೂ ಶಿಖರ ಹತ್ತುವುದನ್ನೂ ಒಂದೇ ಉಸಿರಿನಲ್ಲಿ, ಒಂದೇ ಗೌರವದಿಂದ ಹೇಳಿದ್ದಾರೆ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಮೆರೆಸಿಲ್ಲ. ಪ್ರವಾಸ ಕಥನದಲ್ಲಿ ನಾನು ಬಯಸುವ ಪ್ರಾಮಾಣಿಕತೆ ಇದು.

ನನ್ನ ಈ ವಾದವನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಒಪ್ಪಲಿಲ್ಲ. “ಅಲ್ಲ ಮೇಡಂ, ಪ್ರವಾಸ ಕಥನ ಎಂದರೆ ಸಾಮಾನಿನ ಪಟ್ಟಿಯಾ? ಬೇಳೆ ಬೆಂದಿದ್ದು, ಗ್ಯಾಸ್ ಮುಗಿದಿದ್ದು ಓದೋಕೆ ಯಾರು ಪುಸ್ತಕ ಕೊಂಡುಕೊಳ್ತಾರೆ? ಜನಕ್ಕೆ ದೊಡ್ಡದೊಂದರ ಮುಂದೆ ನಿಂತ ಅನುಭವ ಬೇಕು” ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ನಮ್ಮಲ್ಲಿ ಪ್ರವಾಸ ಕಥನಕ್ಕೆ ದೊಡ್ಡ ಮರ್ಯಾದೆಯೂ ಇದೆ. ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆ ಪುಸ್ತಕ ನಮ್ಮನ್ನು ಗೆದ್ದದ್ದು ಹೇಗೆ? ಅಮೆರಿಕದ ದೊಡ್ಡ ದೊಡ್ಡ ಕಟ್ಟಡಗಳ ವರ್ಣನೆಯಿಂದ ಮಾತ್ರವೇ? ಅಲ್ಲಿನ ದಿನದಿನದ ಬದುಕನ್ನು ಹಾಸನದ ಕಡೆಯ ಹಳ್ಳಿಯವನ ಕಣ್ಣಿನಿಂದ, ನಗುತ್ತ ನಗಿಸುತ್ತ ನೋಡಿದ್ದರಿಂದ. ಸಣ್ಣ ಸಂಗತಿಗಳು ದೊಡ್ಡ ಅನುಭವಕ್ಕೆ ಅಡ್ಡ ಬರುವುದಿಲ್ಲ. ಹದಿನೆಂಟು ಕಿಲೋಮೀಟರು ಬೇರೆಯವರ ಬೆನ್ನಿನ ಮೇಲೆ ಬಂದ ಅಕ್ಕಿಯ ಅನ್ನವನ್ನು ಉಂಡು ಹಿಮನದಿಯ ಮುಂದೆ ನಿಂತೆ ಎಂದು ಬರೆದರೆ ಹಿಮನದಿ ಚಿಕ್ಕದಾಗುವುದಿಲ್ಲ.

ಈ ಮಾತು ಸಾಹಿತ್ಯದ ರುಚಿಗಷ್ಟೇ ಸೇರಿದ್ದಲ್ಲ ಎನ್ನುವುದಕ್ಕೂ ಕಾರಣವಿದೆ. 2024ರ ಜೂನ್ ಮೊದಲ ವಾರದಲ್ಲಿ ಅದೇ ಉತ್ತರಕಾಶಿ ಜಿಲ್ಲೆಯ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದಿಂದ ಹೋಗಿದ್ದ ಚಾರಣಿಗರಲ್ಲಿ 9 ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಹೆಂಗಸರು. ನನ್ನ ವಯಸ್ಸಿನವರು, ನನಗಿಂತ ಹಿರಿಯರೂ ಇದ್ದರು. ಆ ಸುದ್ದಿ ಓದಿದ ದಿನ ನಾವು ಏಳು ಮಂದಿಯೂ ಒಬ್ಬರಿಗೊಬ್ಬರು ಫೋನು ಮಾಡಿಕೊಂಡೆವು. ಹೆಚ್ಚು ಮಾತಾಡಲಾಗಲಿಲ್ಲ. ಯಾರ ತಪ್ಪು ಎಂದು ದೂರದಲ್ಲಿ ಕುಳಿತು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಪುಸ್ತಕ ಓದಿ ಹೋಗಿದ್ದಕ್ಕೆ ಹಾಗಾಯಿತು ಎಂದು ಹೇಳುವಷ್ಟು ಅವಿವೇಕವೂ ನನಗಿಲ್ಲ. ಅನುಭವವಿದ್ದವರಿಗೂ ಬೆಟ್ಟ ಹಾಗೆ ಮಾಡುತ್ತದೆ. ಆದರೆ ಬರೆಯುವವರ ಹೊಣೆ ಏನು ಎಂದು ಮಾತ್ರ ಅಂದಿನಿಂದ ಯೋಚಿಸುತ್ತಿದ್ದೇನೆ. ಮಧ್ಯಾಹ್ನದ ಮೇಲೆ ಹವಾಮಾನ ಹೇಗೆ ಗಳಿಗೆಯಲ್ಲಿ ತಿರುಗಿತು, ಮಾರ್ಗದರ್ಶಿ ಏನು ಹೇಳಿದ, ಯಾರಿಗೆ ತಲೆನೋವು ಬಂತು, ಯಾರು ಅರ್ಧದಲ್ಲಿ ಹಿಂದಿರುಗಿದರು ಎಂಬುದೆಲ್ಲ ನಮ್ಮ ಕಥನಗಳಲ್ಲಿ ಬರುವುದು ಬಹಳ ಅಪರೂಪ. ಹಿಂದಿರುಗಿದವರು ಪುಸ್ತಕ ಬರೆಯುವುದಿಲ್ಲ. ಬರೆದವರು ಹಿಂದಿರುಗಿದವರನ್ನು ಒಂದು ಸಾಲಿನಲ್ಲಿ, ಅಯ್ಯೋ ಪಾಪ ಎಂಬಂತೆ ಮುಗಿಸುತ್ತಾರೆ. ನಮ್ಮ ತಂಡದ ಚಿತ್ರಕಲೆಯ ಟೀಚರು ಭೋಜ್‌ಬಾಸಾದಲ್ಲಿ ರಾತ್ರಿಯೆಲ್ಲ ವಾಂತಿಯಾಗಿ, ಗೋಮುಖಕ್ಕೆ ನಾಲ್ಕೇ ಕಿಲೋಮೀಟರ್ ಉಳಿದಿರುವಾಗ, ಮಾರ್ಗದರ್ಶಿಯ ಮಾತು ಕೇಳಿ ಕೆಳಗಿಳಿದರು. ನಮ್ಮ ಏಳು ಜನರಲ್ಲಿ ಅತಿ ಕಷ್ಟದ ನಿರ್ಧಾರ ತೆಗೆದುಕೊಂಡವರು ಅವರೇ. ಅವರ ಗೋಮುಖವನ್ನು ಯಾರು ಬರೆಯಬೇಕು?

ಇಷ್ಟೆಲ್ಲ ಹೇಳಿದ ಮೇಲೆ, ಬೆಟ್ಟ ಬಿಟ್ಟು ಮನೆಯ ಮಾತು ಒಂದಿದೆ. ನಮ್ಮಲ್ಲಿ ಬಹುಪಾಲು ಹೆಣ್ಣುಮಕ್ಕಳು ಹಿಮನದಿಯನ್ನು ನೋಡುವುದು ಪುಸ್ತಕದಲ್ಲೇ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಮಕ್ಕಳು ಶಾಲೆಯಿಂದ ಬರುವ ಮುಂಚೆ ಸಿಗುವ ಒಂದು ಗಂಟೆಯಲ್ಲಿ ಗಂಗೋತ್ರಿಗೂ ಹೋಗಿ ಬರುತ್ತೇವೆ. ಅಂಥ ಓದುಗಳಿಗೆ ಪುಸ್ತಕದ ಮೊದಲ ಪುಟದಲ್ಲೇ ಒಂದು ವಾಕ್ಯ ಎದುರಾಗುತ್ತದೆ: ಎಲ್ಲ ಸಿದ್ಧತೆಗಳನ್ನೂ ಮಾಡಿಕೊಂಡು ಹೊರಟೆವು. ಆ ಸಿದ್ಧತೆ ಏನೆಂದು ಅವಳಿಗೆ ಗೊತ್ತು. ಹದಿನೈದು ದಿನ ಕೆಡದ ಹಾಗೆ ಚಟ್ನಿಪುಡಿ ಕುಟ್ಟಿದ್ದು, ಚಕ್ಕುಲಿ ಕರಿದು ಡಬ್ಬಿಗೆ ತುಂಬಿದ್ದು, ಉಣ್ಣೆಯ ಬಟ್ಟೆ ಬಿಸಿಲಿಗೆ ಹಾಕಿದ್ದು, ಔಷಧದ ಚೀಟಿ ಬರೆದಿಟ್ಟಿದ್ದು, ಹಿಂದೆ ಉಳಿದು ಅತ್ತೆಯನ್ನೂ ಮಕ್ಕಳನ್ನೂ ನೋಡಿಕೊಂಡದ್ದು. ಅವಳು ಮಾಡಿದ ಕೆಲಸ ಪುಸ್ತಕದಲ್ಲಿ ಕರ್ಮಣಿ ಪ್ರಯೋಗವೂ ಆಗದೆ ‘ಸಿದ್ಧತೆ’ ಎಂಬ ಒಂದೇ ಪದದಲ್ಲಿ ಮುಗಿದಿದೆ. ಭೋಜ್‌ಬಾಸಾದ ಅಡುಗೆಯಾತನೂ ಅವಳೂ ಒಂದೇ ವಾಕ್ಯದಿಂದ ಬಿಟ್ಟುಹೋದವರು. ಬೆಟ್ಟ ಹತ್ತುವುದು ಬೇರೆ ಯಾರದೋ ಕೆಲಸ, ತನ್ನ ಕೆಲಸ ಬುತ್ತಿ ಕಟ್ಟುವುದಷ್ಟೇ ಎಂದು ಇಂಥ ವಾಕ್ಯಗಳೇ ಅವಳಿಗೆ ಮತ್ತೆ ಮತ್ತೆ ಹೇಳಿಕೊಡುತ್ತವೆ.

ಆದ್ದರಿಂದ ಗೆಳತಿಯರೇ, ಇನ್ನು ಮೇಲೆ ಹಿಮಾಲಯದ ಪುಸ್ತಕ ಕೈಗೆ ಬಂದಾಗ ಸ್ವಲ್ಪ ಕಟ್ಟುನಿಟ್ಟಾಗಿ ಓದಿ. ಹಿಮದ ಬಣ್ಣ ಕಂಡದ್ದೋ, ಕೇಳಿದ್ದೋ ನೋಡಿ. ವರ್ಷ ಬರೆದಿದ್ದಾರೆಯೇ ನೋಡಿ. ಹೊರೆ ಎಷ್ಟು ಕಿಲೋ, ಕೂಲಿ ಎಷ್ಟು, ಹೊತ್ತವರು ಯಾವ ಊರಿನವರು ಎಂದು ಹೇಳಿದ್ದಾರೆಯೇ ನೋಡಿ. ಇಷ್ಟಿದ್ದರೆ ಭಾಷೆ ಸ್ವಲ್ಪ ಒರಟಾಗಿದ್ದರೂ ಆ ಪುಸ್ತಕವನ್ನು ನಾಲ್ಕು ಜನರಿಗೆ ಓದಲು ಕೊಡಿ. ನಿಮಗೇ ಹೋಗುವ ಅವಕಾಶ ಬಂದರೆ ವೈದ್ಯರನ್ನು ಕೇಳಿ, ಮಾರ್ಗದರ್ಶಿಯ ಮಾತಿಗೆ ಬೆಲೆ ಕೊಟ್ಟು, ಖಂಡಿತ ಹೋಗಿ ಬನ್ನಿ. ಬಂದ ಮೇಲೆ ಬರೆಯಿರಿ. ಹೊರಡುವ ಹಿಂದಿನ ರಾತ್ರಿ ಚಟ್ನಿಪುಡಿ ಯಾರು ಕುಟ್ಟಿದರು ಎಂಬಲ್ಲಿಂದಲೇ ಶುರುಮಾಡಬಹುದು.